ಸಾಲದ ಮಾತು, ಬಲದ ಮಾತು: ‘ಶಲ್’ ಮತ್ತು ‘ಮೇ’ ನಮ್ಮ ಪಂಚಾಯಿತಿಗೆ ಬಂದ ಕಥೆ

ಸರ್ಕಾರಿ ಕಾಗದ ಕೈಗೆ ಬಂದರೆ ನಾವೆಲ್ಲ ಮೊದಲು ಹೆಸರು ನೋಡುತ್ತೇವೆ, ಆಮೇಲೆ ಮೊತ್ತ, ಆಮೇಲೆ ಕೊನೆಯ ದಿನಾಂಕ. ವಾಕ್ಯದ ಕೊನೆಯ ಪದ ನೋಡುವವರು ಕಡಿಮೆ. ಆದರೆ ಕನ್ನಡದಲ್ಲಿ ಕ್ರಿಯಾಪದ ಬಂದು ಕೂರುವುದೇ ಅಲ್ಲಿ.

‘ಸಭೆ ಕರೆಯತಕ್ಕದ್ದು’ ಎಂದಿದ್ದರೆ ಒಂದು ಅರ್ಥ. ‘ಸಭೆ ಕರೆಯಬಹುದು’ ಎಂದಿದ್ದರೆ ಬೇರೆಯೇ ಅರ್ಥ. ಮೊದಲನೆಯದರಲ್ಲಿ ಅಧ್ಯಕ್ಷರಿಗೆ ಬೇರೆ ದಾರಿ ಇಲ್ಲ. ಎರಡನೆಯದರಲ್ಲಿ ಕರೆಯುವುದೂ ಬಿಡುವುದೂ ಅವರ ಇಷ್ಟ. ಊರಿನ ರಸ್ತೆ, ನೀರು, ಮನೆ ಪಟ್ಟಿ ಎಲ್ಲವೂ ಈ ಒಂದು ಪದದ ಮೇಲೆ ನಿಂತಿರುತ್ತವೆ.

‘ತಕ್ಕದ್ದು’ ಎಂಬುದು ಇಂಗ್ಲಿಷಿನ ‘ಶಲ್’ ಪದಕ್ಕೆ ನಮ್ಮ ಕಾನೂನು ಭಾಷೆ ಇಟ್ಟ ಕನ್ನಡ. ‘ಬಹುದು’ ಎಂಬುದು ‘ಮೇ’ ಪದಕ್ಕೆ. ಈ ಎರಡು ಕ್ರಿಯಾಪದಗಳು ಎಲ್ಲಿಂದ ಹೊರಟು, ಎಲ್ಲೆಲ್ಲಿ ತಿರುಗಿ, ನಮ್ಮೂರಿನ ಪಂಚಾಯಿತಿ ಕಟ್ಟೆಗೆ ಬಂದವು ಎಂಬುದನ್ನು ಈ ಬಾರಿ ಬರೆಯುತ್ತಿದ್ದೇವೆ.

ಒಂದು ಸಾಲ, ಇನ್ನೊಂದು ಬಲ

ಹೈಸ್ಕೂಲಿನ ಇಂಗ್ಲಿಷ್ ಪಾಠ ನೆನಪಿಸಿಕೊಳ್ಳಿ. ‘ಐ, ವಿ ಬಂದರೆ ಶಲ್, ಯು, ಹಿ, ಶಿ, ದೇ ಬಂದರೆ ವಿಲ್’ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಶಲ್ ಎಂದರೆ ಮುಂದೆ ಆಗುವುದನ್ನು ಹೇಳುವ ಪದ ಎಂದಷ್ಟೇ ನಮ್ಮ ತಲೆಯಲ್ಲಿ ಉಳಿಯಿತು.

ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದದ ಅರ್ಥ ಬೇರೆ ಇತ್ತು. ಆಗ ಅದರರ್ಥ ‘ನಾನು ಕೊಡಬೇಕಾಗಿದೆ’, ಅಂದರೆ ‘ನನ್ನ ಮೇಲೆ ಸಾಲ ಇದೆ’. ಇಂಗ್ಲಿಷಿನ ದಾಯಾದಿ ಭಾಷೆ ಜರ್ಮನ್. ಅಲ್ಲಿ ಇದೇ ಬೇರಿನಿಂದ ಹುಟ್ಟಿದ ‘ಶುಲ್ಡ್’ ಎಂಬ ಪದ ಇವತ್ತಿಗೂ ಇದೆ. ಅದಕ್ಕೆ ಸಾಲ ಎಂದೂ ಅರ್ಥ, ತಪ್ಪಿನ ಹೊಣೆ ಎಂದೂ ಅರ್ಥ. ಸಾಲ ಇದ್ದವನು ತೀರಿಸಲೇಬೇಕು. ಹಾಗೆ ‘ಕೊಡಬೇಕಾಗಿದೆ’ ಎಂಬ ಅರ್ಥ ನಿಧಾನವಾಗಿ ‘ಮಾಡಬೇಕಾಗಿದೆ’ ಎಂದಾಯಿತು. ಅಲ್ಲಿಂದ ‘ಮುಂದೆ ಆಗಲಿದೆ’ ಎಂಬ ಅರ್ಥಕ್ಕೂ ಜಾರಿತು. ‘ಶುಡ್’ ಎಂಬುದು ಇದೇ ಶಲ್‌ನ ಭೂತಕಾಲದ ರೂಪ.

‘ಮೇ’ ಪದದ ಹುಟ್ಟು ಬೇರೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ಶಕ್ತಿ ಇದೆ, ಕೈಲಾಗುತ್ತದೆ’. ಬಲ ಎಂಬ ಅರ್ಥದ ‘ಮೈಟ್’ ಎಂಬ ಪದವೂ ಅದರ ನೆಂಟನೇ. ‘ವಿಲ್’ ಎಂದರೆ ಮೊದಲು ಇಚ್ಛೆ, ಮನಸ್ಸಿದೆ ಎಂಬ ಅರ್ಥ.

ಅಂದರೆ ಶಲ್ ಎಂದಾಗ ಯಾರೋ ಸಾಲಗಾರರಾಗುತ್ತಾರೆ. ಮೇ ಎಂದಾಗ ಯಾರದೋ ಕೈಗೆ ಬಲ ಬರುತ್ತದೆ. ಮುಂದಿನ ಕಥೆಗೆಲ್ಲ ಇದೊಂದು ನೆನಪಿದ್ದರೆ ಸಾಕು.

ಮುಳುಗಿದವನ ಜೋಕು

ನಾವು ಬಾಯಿಪಾಠ ಮಾಡಿದ ಆ ನಿಯಮವನ್ನು ಮೊದಲು ಬರೆದಿಟ್ಟವರು ಜಾನ್ ವ್ಯಾಲಿಸ್ ಎಂಬ ಇಂಗ್ಲಿಷ್ ಗಣಿತಜ್ಞ. 1653ರಲ್ಲಿ ಅವರು ಇಂಗ್ಲಿಷ್ ಭಾಷೆಗೆ ಒಂದು ವ್ಯಾಕರಣ ಬರೆದರು, ಅದೂ ಲ್ಯಾಟಿನ್ ಭಾಷೆಯಲ್ಲಿ. ನಾನು, ನಾವು ಎಂದಾಗ ಶಲ್ ಬಂದರೆ ಬರೀ ಮುಂದಿನ ಸಂಗತಿ. ನೀನು, ಅವನು ಎಂದಾಗ ಶಲ್ ಬಂದರೆ ಅದು ಭರವಸೆ ಅಥವಾ ಬೆದರಿಕೆ. ವಿಲ್‌ಗೆ ಇದರ ಉಲ್ಟಾ.

ಈ ನಿಯಮದ ಮೇಲೆ ಹಳೆಯ ಜೋಕೊಂದಿದೆ. ಇಂಗ್ಲಿಷ್ ಸರಿಯಾಗಿ ಬಾರದ ಪರದೇಶಿಯೊಬ್ಬ ನೀರಿಗೆ ಬಿದ್ದನಂತೆ. ‘ನಾನು ಮುಳುಗುತ್ತೇನೆ, ಯಾರೂ ಉಳಿಸುವುದಿಲ್ಲ’ ಎಂದು ಕೂಗಬೇಕಿತ್ತು. ಗಾಬರಿಯಲ್ಲಿ ಶಲ್ ಇರಬೇಕಾದ ಕಡೆ ವಿಲ್, ವಿಲ್ ಇರಬೇಕಾದ ಕಡೆ ಶಲ್ ಹಾಕಿಬಿಟ್ಟ. ದಡದಲ್ಲಿದ್ದವರಿಗೆ ಕೇಳಿಸಿದ್ದು: ‘ಮುಳುಗುವುದೇ ನನ್ನ ಇಚ್ಛೆ, ಯಾರೂ ನನ್ನನ್ನು ಉಳಿಸಕೂಡದು!’ ಅವರು ವ್ಯಾಕರಣಕ್ಕೆ ಗೌರವ ಕೊಟ್ಟು ಸುಮ್ಮನೆ ನಿಂತರಂತೆ.

ಸಾಮಾನ್ಯ ಜನ ಮಾತಾಡುವಾಗ ಈ ನಿಯಮವನ್ನು ಪೂರ್ತಿ ಪಾಲಿಸಿದ್ದು ಕಡಿಮೆ. ಈಗಂತೂ ಮಾತಿನ ಇಂಗ್ಲಿಷಿನಲ್ಲಿ ಶಲ್ ಕ್ಷೀಣಿಸಿದೆ. ಅದು ಗಟ್ಟಿಯಾಗಿ ಉಳಿದಿರುವುದು ದೇವರ ಆಜ್ಞೆಯಲ್ಲಿ ಮತ್ತು ಸರ್ಕಾರದ ಕಾಯ್ದೆಯಲ್ಲಿ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಕೊಲ್ಲಬಾರದು, ಕದಿಯಬಾರದು ಎಂಬ ಆಜ್ಞೆಗಳೆಲ್ಲ ಶಲ್‌ನಲ್ಲೇ ಇವೆ. ಕಾಯ್ದೆ ಬರೆಯುವವರೂ ಅದೇ ದನಿ ಹಿಡಿದರು.

ಕಾಯ್ದೆಯ ವಾಕ್ಯ ಕಟ್ಟಿದವರು

1840ರ ದಶಕದಲ್ಲಿ ಜಾರ್ಜ್ ಕೂಡ್ ಎಂಬ ಇಂಗ್ಲಿಷ್ ವಕೀಲರು ಕಾಯ್ದೆಯ ಭಾಷೆ ಹೇಗಿರಬೇಕೆಂದು ಒಂದು ಪ್ರಬಂಧ ಬರೆದರು. ಬಡವರ ಪರಿಹಾರದ ಕಾನೂನು ನೋಡಿಕೊಳ್ಳುವ ಆಯೋಗದಲ್ಲಿ ಕೆಲಸ ಮಾಡಿದವರು ಅವರು. ಗೋಜಲು ವಾಕ್ಯಗಳಿಂದ ಏನೇನು ತೊಂದರೆ ಎಂಬುದನ್ನು ಹತ್ತಿರದಿಂದ ನೋಡಿದ್ದರು.

ಅವರ ಪ್ರಕಾರ ಕಾನೂನಿನ ಒಂದು ವಾಕ್ಯ ನಾಲ್ಕು ಸಂಗತಿ ಹೇಳಬೇಕು. ಯಾವ ಸಂದರ್ಭದಲ್ಲಿ? ಯಾವ ಷರತ್ತಿನ ಮೇಲೆ? ಯಾರು? ಏನು ಮಾಡಬೇಕು? ಕೊನೆಯ ಎರಡನ್ನು ಜೋಡಿಸುವ ಕೊಂಡಿ ಶಲ್ ಅಥವಾ ಮೇ. ಕರ್ತವ್ಯ ಹೊರಿಸುವುದಾದರೆ ಶಲ್, ಅಧಿಕಾರ ಕೊಡುವುದಾದರೆ ಮೇ.

ಇದೇ ಕಾಲದಲ್ಲಿ ಭಾರತಕ್ಕೂ ಹೊಸ ಕಾಯ್ದೆಗಳು ತಯಾರಾಗುತ್ತಿದ್ದವು. ಮೆಕಾಲೆ ನೇತೃತ್ವದ ಕಾನೂನು ಆಯೋಗ 1837ರಲ್ಲಿ ದಂಡ ಸಂಹಿತೆಯ ಕರಡು ಸಿದ್ಧಪಡಿಸಿತು. ಅದು ಕಾಯ್ದೆಯಾದದ್ದು 1860ರಲ್ಲಿ, ಜಾರಿಯಾದದ್ದು 1862ರ ಜನವರಿ 1ರಂದು. ಸೆಕ್ಷನ್ ಮೇಲೆ ಸೆಕ್ಷನ್‌ನಲ್ಲಿ ‘ಶಿಕ್ಷಿಸತಕ್ಕದ್ದು’ ಎಂಬ ಅರ್ಥದ ಶಲ್ ಬರುತ್ತದೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರು ಬದಲಾಯಿತು, ಸೆಕ್ಷನ್ ಸಂಖ್ಯೆ ಬದಲಾಯಿತು. ಶಲ್ ಮಾತ್ರ ಕದಲಲಿಲ್ಲ.

ರೈತರಿಗೆ ಹತ್ತಿರದ ಉದಾಹರಣೆ 1894ರ ಭೂಸ್ವಾಧೀನ ಕಾಯ್ದೆ. ಸಾರ್ವಜನಿಕ ಉದ್ದೇಶಕ್ಕೆ ಜಮೀನು ಬೇಕಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆ ಪ್ರಕಟಿಸತಕ್ಕದ್ದು ಎಂದು ಅದು ಹೇಳುತ್ತಿತ್ತು. ಇದು ಸರ್ಕಾರದ ಮೇಲಿನ ಹೊಣೆ. ಪರಿಹಾರದ ತೀರ್ಮಾನ ಆದ ಮೇಲೆ ಕಲೆಕ್ಟರ್ ಜಮೀನನ್ನು ವಶಕ್ಕೆ ಪಡೆಯಬಹುದು. ಇದು ಬಲ. ಪಡೆದ ಕೂಡಲೇ ಆ ಜಮೀನು ಯಾವ ಹಂಗೂ ಇಲ್ಲದೆ ಸರ್ಕಾರಕ್ಕೆ ಸೇರತಕ್ಕದ್ದು.

1923ರ ತಿದ್ದುಪಡಿಯಲ್ಲಿ ರೈತನ ಆಕ್ಷೇಪಣೆ ಕೇಳಬೇಕು ಎಂಬ ಸೆಕ್ಷನ್ ಸೇರಿತು. ಆದರೆ ತುರ್ತು ಎಂದು ಕಂಡರೆ ಆ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು ಸರ್ಕಾರ ಹೇಳಬಹುದು ಎಂಬ ದಾರಿಯೂ ಇತ್ತು. ಒಂದು ‘ಬಹುದು’ ಇನ್ನೊಂದು ಕಡೆಯ ‘ತಕ್ಕದ್ದ’ನ್ನು ನುಂಗಿತು. ನೂರಾರು ಊರುಗಳು ಜಮೀನು ಕಳೆದುಕೊಂಡದ್ದು ಈ ತುರ್ತಿನ ದಾರಿಯಲ್ಲೇ. ಈ ಕಾಯ್ದೆ ರದ್ದಾಗಿ ಹೊಸ ಭೂಸ್ವಾಧೀನ ಕಾಯ್ದೆ ಜಾರಿಗೆ ಬರಲು 2014ರ ಜನವರಿ 1 ಬರಬೇಕಾಯಿತು.

ಕೋರ್ಟು ಓದುವ ರೀತಿ

ಶಲ್ ಎಂದು ಬರೆದ ಮೇಲೆ ಮುಗಿಯಿತಲ್ಲ, ಮಾಡಲೇಬೇಕಲ್ಲ ಎಂದು ಕೇಳಬಹುದು. ಅಷ್ಟು ಸುಲಭವಿಲ್ಲ.

1880ರಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠದ ಮುಂದೆ ಆಕ್ಸ್‌ಫರ್ಡಿನ ಬಿಷಪ್ ಮೇಲಿನ ಪ್ರಕರಣ ಬಂತು. ತಮ್ಮ ಚರ್ಚಿನ ಪಾದ್ರಿಯ ಮೇಲೆ ಕ್ರಮ ಕೈಗೊಳ್ಳಿ ಎಂದು ಭಕ್ತರೊಬ್ಬರು ದೂರು ಕೊಟ್ಟಿದ್ದರು. ಬಿಷಪ್ ಒಪ್ಪಲಿಲ್ಲ. ಕ್ರಮ ಕೈಗೊಳ್ಳುವುದು ಬಿಡುವುದು ಬಿಷಪ್ ವಿವೇಚನೆಗೆ ಬಿಟ್ಟದ್ದು ಎಂದೇ ತೀರ್ಪಾಯಿತು. ಆದರೆ ಅದೇ ತೀರ್ಪಿನಲ್ಲಿ ಒಂದು ಮುಖ್ಯ ಮಾತೂ ಬಂತು. ಕೆಲವು ಅಧಿಕಾರಗಳ ಜೊತೆಗೆ ಕರ್ತವ್ಯವೂ ಅಂಟಿಕೊಂಡಿರುತ್ತದೆ. ಯಾರ ಒಳಿತಿಗೆ ಆ ಅಧಿಕಾರ ಕೊಟ್ಟಿದೆಯೋ ಅವರು ಬಂದು ಕೇಳಿದರೆ ಬಳಸಲೇಬೇಕು. ಭಾರತದ ಕೋರ್ಟುಗಳೂ ಈ ಮಾತನ್ನು ಮತ್ತೆ ಮತ್ತೆ ನೆನೆದಿವೆ.

ನಮ್ಮ ಸುಪ್ರೀಂ ಕೋರ್ಟಿನಲ್ಲಿ ಎರಡೂ ಬಗೆಯ ತೀರ್ಪುಗಳಿವೆ. ಸರ್ಕಾರಿ ನೌಕರರ ಶಿಸ್ತಿನ ವಿಷಯದಲ್ಲಿ ಲೋಕಸೇವಾ ಆಯೋಗದ ಜೊತೆ ಸಮಾಲೋಚಿಸತಕ್ಕದ್ದು ಎಂದು ಸಂವಿಧಾನದ 320ನೇ ವಿಧಿ ಹೇಳುತ್ತದೆ. ಹಾಗೆ ಮಾಡಲಿಲ್ಲ ಎಂದು ಉತ್ತರ ಪ್ರದೇಶದ ನೌಕರರೊಬ್ಬರು ಕೋರ್ಟಿಗೆ ಹೋದರು. ಇಲ್ಲಿ ಶಲ್ ಇದ್ದರೂ ಅದು ಕಡ್ಡಾಯವಲ್ಲ, ಸಮಾಲೋಚಿಸದ ಮಾತ್ರಕ್ಕೆ ಆದೇಶ ಬಿದ್ದುಹೋಗದು ಎಂದು 1957ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1963ರಲ್ಲಿ ಅದೇ ರಾಜ್ಯದ ಇನ್ನೊಂದು ಪ್ರಕರಣ ಬಂತು. ಗೆಜೆಟೆಡ್ ಅಧಿಕಾರಿ ಕೇಳಿಕೊಂಡರೆ ಅವರ ವಿಚಾರಣೆಯನ್ನು ನ್ಯಾಯಮಂಡಳಿಗೆ ಒಪ್ಪಿಸಬಹುದು ಎಂದು ನಿಯಮದಲ್ಲಿತ್ತು. ಇಲ್ಲಿ ಮೇ ಎಂದರೂ ಒಪ್ಪಿಸಲೇಬೇಕು ಎಂದು ತೀರ್ಪಾಯಿತು.

ಒಟ್ಟಿನಲ್ಲಿ ಕೋರ್ಟು ಪದ ಒಂದನ್ನೇ ನೋಡುವುದಿಲ್ಲ. ಕಾಯ್ದೆಯ ಉದ್ದೇಶ ಏನು, ಪಾಲಿಸದಿದ್ದರೆ ಏನಾಗುತ್ತದೆಂದು ಬರೆದಿದೆಯೇ, ಕಡ್ಡಾಯ ಎಂದರೆ ಯಾರಿಗೆ ಕಷ್ಟ ಎಂದೆಲ್ಲ ತೂಗುತ್ತದೆ. ಹಾಗೆಂದು ಪದಕ್ಕೆ ಬೆಲೆ ಇಲ್ಲ ಎಂದಲ್ಲ. ಶಲ್ ಇದ್ದರೆ ಕಡ್ಡಾಯ ಎಂದೇ ಶುರು. ಅಲ್ಲ ಎನ್ನುವವರು ಅದಕ್ಕೆ ಕಾರಣ ತೋರಿಸಬೇಕು.

ಸಂವಿಧಾನ ಒಪ್ಪಿಕೊಂಡ ಸಾಲ

1948ರ ನವೆಂಬರ್ 22ರಂದು ಸಂವಿಧಾನ ಸಭೆಯಲ್ಲಿ ಕೆ. ಸಂತಾನಂ ಒಂದು ಹೊಸ ವಿಧಿ ಸೇರಿಸಲು ಸೂಚಿಸಿದರು. ಗ್ರಾಮ ಪಂಚಾಯಿತಿಗಳ ಮಾತೇ ಇಲ್ಲದ ಕರಡು ಸಂವಿಧಾನದ ಬಗ್ಗೆ ಹಲವು ಸದಸ್ಯರಿಗೆ ಅಸಮಾಧಾನವಿತ್ತು. ಅದೇ ತಿಂಗಳ ಆರಂಭದಲ್ಲಿ ಅಂಬೇಡ್ಕರ್ ಅವರು ನಮ್ಮ ಹಳ್ಳಿಗಳಲ್ಲಿರುವ ಸಂಕುಚಿತತೆ, ಜಾತಿ, ಅಜ್ಞಾನಗಳನ್ನು ಕಟುವಾಗಿ ಟೀಕಿಸಿದ್ದರು. ಆದರೂ ಸಂತಾನಂ ಅವರ ಸೂಚನೆಯನ್ನು ಅವರು ಒಪ್ಪಿದರು. ಅದೇ ಇಂದಿನ 40ನೇ ವಿಧಿ. ರಾಜ್ಯವು ಗ್ರಾಮ ಪಂಚಾಯಿತಿಗಳನ್ನು ಸಂಘಟಿಸಲು ಕ್ರಮ ಕೈಗೊಳ್ಳತಕ್ಕದ್ದು, ಸ್ವಯಮಾಡಳಿತಕ್ಕೆ ಬೇಕಾದ ಅಧಿಕಾರ ಕೊಡತಕ್ಕದ್ದು ಎಂದು ಅದು ಹೇಳುತ್ತದೆ.

ಇಲ್ಲಿ ಶಲ್ ಇದೆ. ಆದರೆ ಈ ವಿಧಿ ಇರುವುದು ರಾಜ್ಯನೀತಿ ನಿರ್ದೇಶಕ ತತ್ವಗಳ ಭಾಗದಲ್ಲಿ. ಆ ಭಾಗದ ಯಾವ ಮಾತನ್ನೂ ಕೋರ್ಟಿನ ಮೂಲಕ ಜಾರಿ ಮಾಡಿಸುವಂತಿಲ್ಲ ಎಂದು 37ನೇ ವಿಧಿ ಮೊದಲೇ ಹೇಳಿಬಿಟ್ಟಿದೆ. ಸಾಲ ಇರುವುದು ನಿಜ ಎಂದು ಪತ್ರ ಬರೆದುಕೊಟ್ಟು, ವಸೂಲಿಗೆ ಮಾತ್ರ ಬರಬೇಡಿ ಎಂದ ಹಾಗೆ.

ಶಾಲೆಯ ಕಥೆಯೂ ಹೀಗೇ. ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ‘ಪ್ರಯತ್ನಿಸತಕ್ಕದ್ದು’ ಎಂದು ಮೂಲ 45ನೇ ವಿಧಿಯಲ್ಲಿತ್ತು. ಪ್ರಯತ್ನ ಎಂಬ ಒಂದು ಪದ ನಡುವೆ ಕೂತಿತ್ತು. 2002ರಲ್ಲಿ 86ನೇ ತಿದ್ದುಪಡಿ ಬಂದು 21ಎ ವಿಧಿ ಸೇರಿತು. 6ರಿಂದ 14 ವರ್ಷದ ಮಕ್ಕಳಿಗೆ ರಾಜ್ಯ ಶಿಕ್ಷಣ ‘ಒದಗಿಸತಕ್ಕದ್ದು’ ಎಂದಾಯಿತು, ಅದೂ ಮೂಲಭೂತ ಹಕ್ಕಾಗಿ. ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಪ್ರಯತ್ನಿಸುವುದರಿಂದ ಒದಗಿಸುವುದಕ್ಕೆ ಬರಲು ಅರವತ್ತು ವರ್ಷ ಹಿಡಿಯಿತು.

ಒಂದೇ ಶಲ್ ದೇಶದ ಅತಿ ದೊಡ್ಡ ಕುರ್ಚಿಯನ್ನೂ ಕಟ್ಟಿಹಾಕಿದೆ. ರಾಷ್ಟ್ರಪತಿಗೆ ಸಲಹೆ ಕೊಡಲು ಮಂತ್ರಿಮಂಡಲ ಇರತಕ್ಕದ್ದು ಎಂದು 74ನೇ ವಿಧಿಯಲ್ಲಿತ್ತು. ಸಲಹೆಯಂತೆ ನಡೆಯಲೇಬೇಕೇ ಎಂಬುದು ಅಕ್ಷರದಲ್ಲಿ ಇರಲಿಲ್ಲ. 1976ರ 42ನೇ ತಿದ್ದುಪಡಿ, ಸಲಹೆಯಂತೆ ನಡೆಯತಕ್ಕದ್ದು ಎಂದು ಸೇರಿಸಿತು. 1978ರ 44ನೇ ತಿದ್ದುಪಡಿ ಕೊಂಚ ಸಡಿಲಿಸಿತು. ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಮ್ಮೆ ಕೇಳಬಹುದು. ಆಮೇಲೆ ಬಂದ ಸಲಹೆಯಂತೆ ನಡೆಯತಕ್ಕದ್ದು.

ಪಂಚಾಯಿತಿಗೆ ಕುರ್ಚಿ ‘ತಕ್ಕದ್ದು’, ಕೀಲಿಕೈ ‘ಬಹುದು’

40ನೇ ವಿಧಿಯ ಸಾಲ ವಸೂಲಾಗದೆ ನಾಲ್ಕು ದಶಕ ಕಳೆಯಿತು. ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಪಂಚಾಯಿತಿ ಚುನಾವಣೆಯೇ ಇರಲಿಲ್ಲ. ಈ ನಡುವೆ ಕರ್ನಾಟಕ ತಾನೇ ಒಂದು ಹೆಜ್ಜೆ ಮುಂದಿಟ್ಟಿತು. ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ, 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆ ಬಂತು. 1987ರಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿತ್ತು.

ದೇಶಕ್ಕೆಲ್ಲ ಅನ್ವಯಿಸುವ 73ನೇ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದದ್ದು 1992ರಲ್ಲಿ, ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಅದಕ್ಕೇ ಪ್ರತಿ ವರ್ಷ ಏಪ್ರಿಲ್ 24ನ್ನು ಪಂಚಾಯತ್ ರಾಜ್ ದಿನ ಎಂದು ಆಚರಿಸುವುದು. ಈ ತಿದ್ದುಪಡಿಯನ್ನು ಕ್ರಿಯಾಪದ ಹಿಡಿದು ಓದಿದರೆ ಇಡೀ ಚಿತ್ರ ಕಾಣುತ್ತದೆ.

ಶಲ್ ಇರುವ ಕಡೆಗಳು ಇವು:

- ಪ್ರತಿ ರಾಜ್ಯದಲ್ಲಿ ಪಂಚಾಯಿತಿಗಳನ್ನು ರಚಿಸತಕ್ಕದ್ದು.
- ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಂತೆ, ಮಹಿಳೆಯರಿಗೆ ಮೂರನೇ ಒಂದಕ್ಕೆ ಕಡಿಮೆ ಇಲ್ಲದಂತೆ ಸ್ಥಾನ ಮೀಸಲಿಡತಕ್ಕದ್ದು.
- ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸತಕ್ಕದ್ದು.
- ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸತಕ್ಕದ್ದು.

ಮೇ ಇರುವ ಕಡೆಗಳು ಇವು:

- ರಾಜ್ಯದ ಶಾಸಕಾಂಗ ಕಾಯ್ದೆ ಮಾಡಿ ಕೊಟ್ಟ ಅಧಿಕಾರಗಳನ್ನು ಗ್ರಾಮಸಭೆ ಚಲಾಯಿಸಬಹುದು.
- ಶಾಸಕಾಂಗ ಪಂಚಾಯಿತಿಗೆ ಅಧಿಕಾರ ಮತ್ತು ಜವಾಬ್ದಾರಿ ಕೊಡಬಹುದು. ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು, ಶಾಲೆ ಮೊದಲಾದ 29 ವಿಷಯಗಳ ಪಟ್ಟಿ 11ನೇ ಅನುಸೂಚಿಯಲ್ಲಿದೆ.
- ತೆರಿಗೆ ಹಾಕುವ ಅಧಿಕಾರವನ್ನೂ ಕೊಡಬಹುದು.

ಕುರ್ಚಿ ಹಾಕಲೇಬೇಕು. ಯಾರ‍್ಯಾರು ಕೂರಬೇಕೆಂಬುದೂ ಕಡ್ಡಾಯ. ಕೂತವರ ಕೈಗೆ ಕೀಲಿಕೈ ಕೊಡುವುದು ಮಾತ್ರ ರಾಜ್ಯದ ಮನಸ್ಸು. ಹೀಗಾಗಲು ಕಾರಣವೂ ಇದೆ. ಸ್ಥಳೀಯ ಆಡಳಿತ ಎಂಬುದು ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಚೌಕಟ್ಟನ್ನು ಸಂವಿಧಾನವೇ ಕಡ್ಡಾಯ ಮಾಡಿತು. ಎಷ್ಟು ಅಧಿಕಾರ ಎಂಬುದನ್ನು ರಾಜ್ಯಗಳಿಗೆ ಬಿಟ್ಟಿತು. 1993ರ ನಂತರ ಲಕ್ಷಗಟ್ಟಲೆ ಮಹಿಳೆಯರು, ದಲಿತರು ಸದಸ್ಯರಾಗಿ ಗೆದ್ದು ಬಂದರು. ಅದು ಶಲ್‌ನ ಸಾಧನೆ. ಗೆದ್ದು ಬಂದವರು ಊರಿನ ಶಾಲೆಗೆ ಒಬ್ಬ ಮೇಷ್ಟ್ರನ್ನು ಹಾಕಿಸಲು ಇನ್ನೊಬ್ಬರ ಬಾಗಿಲಲ್ಲಿ ಕಾಯುತ್ತಾರೆ. ಅದು ಮೇ ಪದದ ಫಲ.

ಇಷ್ಟಾಗಿ ಶಲ್ ಇದ್ದ ಮಾತ್ರಕ್ಕೆ ಕೆಲಸ ತಾನಾಗಿ ಆಗುವುದಿಲ್ಲ. ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ಅರ್ಜಿ ಎನ್ನುತ್ತ ಗಡುವು ದಾಟಿಹೋಯಿತು. ಚುನಾಯಿತರು ಕೂರಬೇಕಾದ ಕಡೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳು ಕೂತರು. ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಅವಧಿಯೊಳಗೆ ಮುಗಿಸಲೇಬೇಕು ಎಂದು 2006ರಷ್ಟು ಹಿಂದೆಯೇ, ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತ್ತು.

ಠಾಣೆ, ಅರ್ಜಿ, ಕೂಲಿ

ಶಲ್ ಸಾಮಾನ್ಯ ಜನರ ಕೈ ಹಿಡಿದ ಉದಾಹರಣೆಗಳೂ ಇವೆ. ದೊಡ್ಡದು ಲಲಿತಾ ಕುಮಾರಿ ಪ್ರಕರಣ. ಸಂಜ್ಞೇಯ ಅಪರಾಧದ ದೂರು ಬಂದರೆ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ದೂರು ಬಂದರೆ, ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕೇ ಎಂಬುದು ಪ್ರಶ್ನೆ. 2013ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೌದು ಎಂದಿತು. ದಂಡ ಪ್ರಕ್ರಿಯಾ ಸಂಹಿತೆಯ 154ನೇ ಸೆಕ್ಷನ್‌ನಲ್ಲಿರುವುದು ಶಲ್, ಅದರ ನೇರ ಅರ್ಥ ಕಡ್ಡಾಯ ಎಂಬುದೇ ಆ ತೀರ್ಪಿನ ಬುಡ. ಗಂಡ ಹೆಂಡಿರ ತಕರಾರು, ವ್ಯವಹಾರದ ಜಗಳ, ವೈದ್ಯಕೀಯ ನಿರ್ಲಕ್ಷ್ಯ, ಭ್ರಷ್ಟಾಚಾರದಂಥ ಕೆಲವು ಪ್ರಕರಣಗಳಲ್ಲಿ ಮಾತ್ರ ಮೊದಲು ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿತು.

2024ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದೆ. ಅದರ 173ನೇ ಸೆಕ್ಷನ್‌ನಲ್ಲಿ ಹಳೆಯ ಶಲ್ ಉಳಿದಿದೆ. ಪಕ್ಕದಲ್ಲೇ ಹೊಸ ಮೇ ಬಂದಿದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆ ಇರುವ ಅಪರಾಧವಾದರೆ, ಡಿವೈಎಸ್‌ಪಿ ಮಟ್ಟದ ಅಧಿಕಾರಿಯ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು.

2005ರ ಮಾಹಿತಿ ಹಕ್ಕು ಕಾಯ್ದೆಯೂ ಶಲ್ ಮೇಲೆ ನಿಂತಿದೆ. ಅರ್ಜಿ ತಲುಪಿದ 30 ದಿನದೊಳಗೆ ಉತ್ತರಿಸತಕ್ಕದ್ದು. ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕತಕ್ಕದ್ದು. ಮಾಹಿತಿ ಆಯುಕ್ತರ ಅವಧಿ ಐದು ವರ್ಷ ಎಂದು ಮೂಲ ಕಾಯ್ದೆಯಲ್ಲೇ ಗಟ್ಟಿಯಾಗಿತ್ತು. 2019ರ ತಿದ್ದುಪಡಿ ಅದನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಬಹುದಾದಷ್ಟು ಅವಧಿ ಎಂದು ಬದಲಿಸಿತು.

ಅದೇ 2005ರಲ್ಲಿ ಬಂದ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಶಲ್ ತನ್ನ ಹಳೆಯ ಅರ್ಥಕ್ಕೇ ಮರಳಿತ್ತು. ಕೇಳಿದ ಕುಟುಂಬಕ್ಕೆ ವರ್ಷಕ್ಕೆ 100 ದಿನಕ್ಕೆ ಕಡಿಮೆ ಇಲ್ಲದಂತೆ ಕೆಲಸ ಒದಗಿಸತಕ್ಕದ್ದು ಎಂದು ಅದು ಹೇಳಿತ್ತು. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆ ಆಗಬಾರದು. ಅಂದರೆ ಮಾತು ತಪ್ಪಿದರೆ ರೂಪಾಯಿ ಲೆಕ್ಕದ ಸಾಲ. ಆದರೆ ಆ ಭತ್ಯೆ ಕೈಗೆ ಬಂದವರು ಅಪರೂಪ. ಕೆಲಸ ಕೇಳಿದ್ದಕ್ಕೆ ದಿನಾಂಕ ಹಾಕಿದ ರಸೀದಿ ಸಿಗದಿದ್ದರೆ 15 ದಿನದ ಲೆಕ್ಕ ಶುರುವಾಗುವುದೇ ಇಲ್ಲ.

ಪ್ಯಾರಿಸ್‌ನ ಕೊನೆಯ ಗಳಿಗೆ

ಒಂದು ಪದಕ್ಕೆ ಇಷ್ಟು ಹೆಣಗಬೇಕೇ ಎನ್ನುವವರಿಗೆ ಪ್ಯಾರಿಸ್‌ನ ಕಥೆ ಹೇಳಬೇಕು. 2015ರ ಡಿಸೆಂಬರ್ 12ರಂದು ಸುಮಾರು ಇನ್ನೂರು ದೇಶಗಳು ಹವಾಮಾನ ಒಪ್ಪಂದಕ್ಕೆ ಅಂತಿಮ ಒಪ್ಪಿಗೆ ಕೊಡಲು ಸೇರಿದ್ದವು. ಶ್ರೀಮಂತ ದೇಶಗಳು ಹೊಗೆ ಇಳಿಸುವುದರಲ್ಲಿ ಮುಂದೆ ನಿಲ್ಲತಕ್ಕದ್ದು ಎಂದು ಅಂತಿಮ ಕರಡಿನಲ್ಲಿತ್ತು. ಅಲ್ಲಿ ಶಲ್ ಇದ್ದದ್ದನ್ನು ಅಮೆರಿಕದ ಪ್ರತಿನಿಧಿಗಳು ಕಂಡರು. ಕಾನೂನಿನ ಕಡ್ಡಾಯ ಬಂದರೆ ತಮ್ಮ ಸೆನೆಟ್‌ನ ಒಪ್ಪಿಗೆ ಬೇಕಾಗುತ್ತದೆ, ಅದು ಸಿಗುವುದಿಲ್ಲ ಎಂಬುದು ಅವರ ಆತಂಕ. ಸಭೆ ತಡವಾಯಿತು. ಕೊನೆಗೆ ಅಚ್ಚಿನ ತಪ್ಪು ತಿದ್ದುವ ಪಟ್ಟಿಯಲ್ಲಿ ಸೇರಿಸಿ ಶಲ್ ತೆಗೆದು ಶುಡ್ ಎಂದು ಓದಲಾಯಿತು. ‘ಮಾಡತಕ್ಕದ್ದು’ ಹೋಗಿ ‘ಮಾಡಿದರೆ ಒಳ್ಳೆಯದು’ ಬಂತು. ಒಪ್ಪಂದವೂ ಪಾಸಾಯಿತು.

‘ತಕ್ಕದ್ದು’ ಎಂಬ ಕನ್ನಡ

ಇತ್ತೀಚಿನ ದಶಕಗಳಲ್ಲಿ ಕೆಲವು ದೇಶಗಳು ಕಾಯ್ದೆಗಳಿಂದ ಶಲ್ ಅನ್ನೇ ಕೈಬಿಡುತ್ತಿವೆ. ಜನರಿಗೆ ಅರ್ಥವಾಗುವುದು ‘ಮಸ್ಟ್’, ಅಂದರೆ ಮಾಡಲೇಬೇಕು. ದಕ್ಷಿಣ ಆಫ್ರಿಕಾದ 1993ರ ಮಧ್ಯಂತರ ಸಂವಿಧಾನದಲ್ಲಿ ಶಲ್ ತುಂಬಿತ್ತು. 1996ರ ಅಂತಿಮ ಸಂವಿಧಾನದಲ್ಲಿ ಅದರ ಜಾಗಕ್ಕೆ ಮಸ್ಟ್ ಬಂತು.

ನಮ್ಮ ‘ತಕ್ಕದ್ದು’ ಬಂದಿರುವುದು ‘ತಗು’ ಎಂಬ ಹಳೆಯ ಕನ್ನಡ ಧಾತುವಿನಿಂದ. ಯೋಗ್ಯವಾಗು, ಹೊಂದು ಎಂದು ಅದರ ಅರ್ಥ. ‘ಕಾಲಕ್ಕೆ ತಕ್ಕ ಕೋಲ’ ಎನ್ನುವಾಗ ಇರುವುದೂ ಅದೇ. ಇಂಗ್ಲಿಷ್ ಪದ ‘ನಿನ್ನ ಮೇಲೆ ಸಾಲ ಇದೆ’ ಎಂದರೆ, ಕನ್ನಡ ಪದ ‘ಹೀಗೆ ಮಾಡುವುದು ಯೋಗ್ಯ’ ಎನ್ನುತ್ತದೆ. ಮಾತಿನಲ್ಲಿ ನಾವ್ಯಾರೂ ಬಳಸದ ರೂಪವಾದ್ದರಿಂದ ಅದರ ಗಟ್ಟಿತನ ಕಿವಿಗೆ ತಟ್ಟುವುದಿಲ್ಲ. ಅದು ಸಲಹೆಯಲ್ಲ. ಕಾಯ್ದೆಯ ಕನ್ನಡದಲ್ಲಿ ‘ತಕ್ಕದ್ದು’ ಎಂದರೆ ‘ಲೇಬೇಕು’ ಎಂದೇ ಓದಿಕೊಳ್ಳಿ. ‘ತಕ್ಕದ್ದಲ್ಲ’ ಎಂದರೆ ‘ಕೂಡದು’.

ಇನ್ನೊಂದು ವಿಷಯ. ರಾಜ್ಯದ ಕಾಯ್ದೆ ಕನ್ನಡದಲ್ಲೇ ಅಂಗೀಕಾರವಾದರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಬರುವ ಇಂಗ್ಲಿಷ್ ಅನುವಾದವೇ ಅಧಿಕೃತ ಪಾಠ ಎಂದು ಸಂವಿಧಾನದ 348ನೇ ವಿಧಿ ಹೇಳುತ್ತದೆ. ಆದ್ದರಿಂದ ದೊಡ್ಡ ಕೋರ್ಟಿನಲ್ಲಿ ತೂಗುವುದು ಶಲ್ ಮತ್ತು ಮೇ ಪದಗಳನ್ನು. ನಿಮ್ಮ ಕೈಯಲ್ಲಿರುವ ಕನ್ನಡ ಪ್ರತಿಯಲ್ಲಿ ಅನುಮಾನ ಬಂದರೆ ಇಂಗ್ಲಿಷ್ ಪ್ರತಿಯಲ್ಲಿ ಆ ಜಾಗದಲ್ಲಿ ಯಾವ ಪದ ಇದೆ ಎಂದು ಓದಿದವರಿಂದ ನೋಡಿಸಿ.

ಕಚೇರಿಯ ಕನ್ನಡದಲ್ಲಿ ಮೂರನೆಯ ರೂಪವೊಂದಿದೆ. ಅರ್ಜಿಗೆ ಬರುವ ಹಿಂಬರಹಗಳಲ್ಲಿ ಅದೇ ಹೆಚ್ಚು: ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’. ಇದು ತಕ್ಕದ್ದೂ ಅಲ್ಲ, ಬಹುದೂ ಅಲ್ಲ. ಇದರಲ್ಲಿ ಮಾಡುವವರೇ ಇಲ್ಲ. ಯಾರು, ಯಾವಾಗ ಎಂಬ ಎರಡೂ ಮಾಯ.

ಅಂಥ ಕಾಗದ ಬಂದಾಗ ಜಾರ್ಜ್ ಕೂಡ್ ಅವರ ನಾಲ್ಕು ಪ್ರಶ್ನೆ ಮುಂದಿಟ್ಟುಕೊಳ್ಳಿ. ಯಾವ ಸಂದರ್ಭ, ಯಾವ ಷರತ್ತು, ಯಾರು, ಏನು ಮಾಡಬೇಕು. ಅದರ ಜೊತೆಗೆ ನಮ್ಮದೊಂದು ಸೇರಿಸಿ: ಎಷ್ಟು ದಿನದೊಳಗೆ? ಉತ್ತರ ಇಲ್ಲದಿದ್ದರೆ, ಯಾವ ಕಾಯ್ದೆಯ ಯಾವ ಸೆಕ್ಷನ್ ಪ್ರಕಾರ, ಯಾವ ಅಧಿಕಾರಿ, ಯಾವ ದಿನಾಂಕದೊಳಗೆ ಎಂದು ಕೇಳಿ ಮರು ಅರ್ಜಿ ಹಾಕಿ. ‘ತಕ್ಕದ್ದು’ ಇರುವ ಸೆಕ್ಷನ್ ಸಿಕ್ಕರೆ ಅದರ ಸಂಖ್ಯೆಯನ್ನೇ ಅರ್ಜಿಯ ಮೊದಲ ಸಾಲಲ್ಲಿ ಬರೆಯಿರಿ. ‘ಬಹುದು’ ಇರುವ ಸೆಕ್ಷನ್ ಆದರೆ ಆ ಅಧಿಕಾರ ಯಾರ ಒಳಿತಿಗೆ ಕೊಟ್ಟದ್ದು ಎಂದು ಕೇಳಿ. ಅರ್ಜಿ ಕೊಟ್ಟ ದಿನವೇ ಸೀಲು, ದಿನಾಂಕ, ಸಹಿ ಇರುವ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಸಾಲದ ಲೆಕ್ಕ ಶುರುವಾಗುವುದು ಅಲ್ಲಿಂದಲೇ.